ಹಳಿ ಮುಗಿಯುವಲ್ಲಿ ರೈಲು ತಿರುಗುವುದು ಹೇಗೆ?

ಬೆಂಗಳೂರಿನಿಂದ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ಮುಂಬೈ ಸೇರಿದ ಕೂಡಲೇ ಪ್ರಯಾಣಿಕರು ಚೀಲಗಳನ್ನು ಹೆಗಲಿಗೇರಿಸಿ ಊರೊಳಗೆ ಕರಗಿಹೋಗುತ್ತಾರೆ. ಅವರನ್ನು ಅಷ್ಟು ದೂರದಿಂದ ಎಳೆದು ತಂದ ಎಂಜಿನ್ ಮಾತ್ರ ಅಲ್ಲೇ ಸಿಕ್ಕಿಬೀಳುತ್ತದೆ. ಅದರ ಮೂತಿಯ ಮುಂದೆ ಹಳಿ ಮುಗಿದು, ಗಾಡಿಯನ್ನು ತಡೆಯುವ ಬಫರ್ ನಿಂತಿದೆ, ಬೆನ್ನಿಗೆ ಬೋಗಿಗಳ ಉದ್ದನೆಯ ಸಾಲು. ಇನ್ನೊಂದು ಎಂಜಿನ್ ಆ ತುದಿಗೆ ಬಂದು ಬೋಗಿಗಳನ್ನು ಹಿಂದಕ್ಕೆ ಎಳೆದೊಯ್ದ ಮೇಲೆಯೇ ಇದಕ್ಕೆ ಬಿಡುಗಡೆ.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳಬರ ಬಾಯಲ್ಲಿ ಇಂದಿಗೂ ‘ವಿ.ಟಿ.’ (ವಿಕ್ಟೋರಿಯಾ ಟರ್ಮಿನಸ್), ಹೀಗೆ ಹಳಿಗಳೆಲ್ಲ ಕೊನೆಗೊಳ್ಳುವ ನಿಲ್ದಾಣ. ಇಲ್ಲಿರುವ 18 ಪ್ಲಾಟ್‌ಫಾರ್ಮ್‌ಗಳಲ್ಲಿ 7 ಲೋಕಲ್‌ಗಳಿಗೆ, ಉಳಿದ 11 ದೂರದ ಗಾಡಿಗಳಿಗೆ. ಜನರ ಕಣ್ಣು ಅದರ ಗುಮ್ಮಟದ ಮೇಲೆ, ಗೇಟಿನ ಕಂಬಗಳ ಮೇಲೆ ಕುಳಿತ ಸಿಂಹ ಮತ್ತು ಹುಲಿಯ ಮೇಲೆ ಬೀಳುತ್ತದೆ. ಅವು ಚೆಂದವೇ. ಆದರೆ ಈ ನಿಲ್ದಾಣದ ನಿಜವಾದ ಸೋಜಿಗ ಹಿಂಬದಿಯಲ್ಲಿದೆ: ಒಳಗೆ ಬಂದ ಗಾಡಿ ಬಂದ ದಾರಿಯಲ್ಲೇ ವಾಪಸಾಗಬೇಕು, ಅದೂ ಹಿಂದೆ ಬರುತ್ತಿರುವ ಗಾಡಿಗೆ ಅಡ್ಡಿಯಾಗದಂತೆ.

1853ರ ಏಪ್ರಿಲ್ 16ರಂದು ಇಲ್ಲಿಯ ಬೋರಿ ಬಂದರ್‌ನಿಂದ ಭಾರತದ ಮೊದಲ ಪ್ರಯಾಣಿಕರ ರೈಲು ಠಾಣೆಗೆ ಹೊರಟಿತು. ಮೂರು ಎಂಜಿನ್, 14 ಬೋಗಿ, ಸುಮಾರು 400 ಮಂದಿ, 34 ಕಿಲೋಮೀಟರ್ ದಾರಿ. ಈಗಿನ ಕಟ್ಟಡದ ಕೆಲಸ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರ ವಿನ್ಯಾಸದಂತೆ 1878ರಲ್ಲಿ ಶುರುವಾಗಿ 1888ರಲ್ಲಿ ಮುಗಿಯಿತು. ವಿಕ್ಟೋರಿಯಾ ರಾಣಿಯ ಹೆಸರು 1996ರವರೆಗೆ ಉಳಿದಿತ್ತು. 2004ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ಪಾಲಿಗೆ ಇವೆಲ್ಲಕ್ಕಿಂತ ದೊಡ್ಡ ದಿನ 1925ರ ಫೆಬ್ರವರಿ 3. ಅಂದು ವಿ.ಟಿ.ಯಿಂದ ಕುರ್ಲಾಗೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಅದಕ್ಕೆ 1,500 ವೋಲ್ಟ್‌ನ ನೇರ ವಿದ್ಯುತ್ತು (ಡಿ.ಸಿ.). ಹೊಗೆ ಹೋಯಿತು ಎಂಬುದು ಕಣ್ಣಿಗೆ ಕಾಣುವ ಲಾಭ. ಅದಕ್ಕೂ ಮಿಗಿಲಾದದ್ದು, ಈ ಬಗೆಯ ಗಾಡಿಗೆ ಪ್ರತ್ಯೇಕ ಎಂಜಿನ್ ಬೇಕಿಲ್ಲ. ಮೋಟಾರುಗಳು ಬೋಗಿಗಳ ಅಡಿಯಲ್ಲೇ ಕುಳಿತಿರುತ್ತವೆ, ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ. ಬಂದಾಗ ಬಾಲವಾಗಿದ್ದದ್ದು ಹೊರಡುವಾಗ ತಲೆಯಾಗುತ್ತದೆ. ಎಂಜಿನ್ ಕಳಚುವ, ಸುತ್ತಿ ತರುವ, ಮತ್ತೆ ಜೋಡಿಸುವ ಕೆಲಸವೆಲ್ಲ ಒಂದೇ ಏಟಿಗೆ ಇಲ್ಲವಾಯಿತು. ಇಂದಿನ ಲೋಕಲ್ ಕೆಲವೇ ನಿಮಿಷಗಳಲ್ಲಿ ಜನರನ್ನು ಇಳಿಸಿ, ಹತ್ತಿಸಿಕೊಂಡು ಹೊರಡುವುದು ಆ ಒಂದು ಬದಲಾವಣೆಯ ಬಲದಿಂದಲೇ.

ಹಾಗಿದ್ದರೆ ಪ್ಲಾಟ್‌ಫಾರ್ಮ್ ಹೆಚ್ಚಿಸಿದಷ್ಟೂ ಗಾಡಿ ಹೆಚ್ಚಿಸಬಹುದೇ? ಇಲ್ಲ. ಎಲ್ಲ ಪ್ಲಾಟ್‌ಫಾರ್ಮ್‌ಗಳ ಹಳಿಗಳೂ ನಿಲ್ದಾಣದ ಹೊರಗೆ ಒಂದು ಇಕ್ಕಟ್ಟಾದ ಜಾಗದಲ್ಲಿ ಹೆಣೆದುಕೊಂಡು ಬೆರಳೆಣಿಕೆಯ ಹಳಿಗಳಾಗುತ್ತವೆ. ಅದನ್ನು ನಿಲ್ದಾಣದ ಕೊರಳು ಎನ್ನೋಣ. ಒಳಬರುವ ಗಾಡಿ ತನ್ನ ಪ್ಲಾಟ್‌ಫಾರ್ಮ್ ಹಿಡಿಯಲು ಹೊರಹೋಗುವ ಗಾಡಿಯ ಹಾದಿಯನ್ನು ದಾಟಬೇಕಾದರೆ, ಎರಡರಲ್ಲಿ ಒಂದು ಕಾಯಲೇಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಹನ್ನೆರಡು ಬೋಗಿಗಳ ಲೋಕಲ್‌ನ ಉದ್ದ ಸುಮಾರು 250 ಮೀಟರ್. ಕೊರಳಿನ ಉದ್ದವೂ 250 ಮೀಟರ್ ಎಂದಿಟ್ಟುಕೊಳ್ಳೋಣ. ಗಾಡಿಯ ಮೂತಿ ಕೊರಳಿಗೆ ಬಂದ ಗಳಿಗೆಯಿಂದ ಬಾಲ ಅದನ್ನು ಬಿಟ್ಟುಕೊಡುವವರೆಗೆ 500 ಮೀಟರ್ ಚಲಿಸಬೇಕು. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಅದಕ್ಕೆ 2 ನಿಮಿಷ, 30 ಕಿಲೋಮೀಟರ್ ವೇಗದಲ್ಲಿ 1 ನಿಮಿಷ. ಮೂರು ನಾಲ್ಕು ನಿಮಿಷಕ್ಕೊಂದು ಗಾಡಿ ಬರುವ ಹೊತ್ತಿನಲ್ಲಿ ಈ ಒಂದು ನಿಮಿಷವೇ ಬಂಗಾರ. ದಿನಕ್ಕೆ ಸುಮಾರು 1,800 ಲೋಕಲ್ ಓಡಾಟ ನಡೆಸುವ ಮಧ್ಯ ರೈಲ್ವೆಯಲ್ಲಿ ಇಲ್ಲಿ ಕಳೆದುಹೋದ ನಿಮಿಷ ಸಾಲುಸಾಲಾಗಿ ಹಿಂದಕ್ಕೆ ಹರಡುತ್ತದೆ. ಗಾಡಿ ತಡವಾದಾಗ ಚಾಲಕರನ್ನು ಬೈಯುವವರು ಈ ಕೊರಳನ್ನು ಒಮ್ಮೆ ನೋಡಬೇಕು.

ಇಷ್ಟು ಹತ್ತಿರ ಹತ್ತಿರ ಓಡುವ ಗಾಡಿಗಳು ಡಿಕ್ಕಿ ಹೊಡೆಯದಂತೆ ಕಾಯುವ ಉಪಾಯ ತುಂಬ ಹಳೆಯದು, ತುಂಬ ಸರಳವಾದದ್ದು. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಹಳಿಯನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದು ತುಂಡಿನ ಎರಡು ಹಳಿಗಳಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹರಿಸಬೇಕು. ಆ ತುಂಡು ಖಾಲಿಯಿದ್ದರೆ ಪ್ರವಾಹ ಆಚೆ ತುದಿಯ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚನ್ನು, ಎತ್ತಿ ಹಿಡಿದಿರುತ್ತದೆ. ಗಾಡಿ ಬಂದಾಗ ಅದರ ಗಾಲಿಗಳೂ ಅಚ್ಚೂ ಸೇರಿ ಎರಡು ಹಳಿಗಳ ನಡುವೆ ಸೇತುವೆಯಾಗುತ್ತವೆ. ಪ್ರವಾಹ ಅಲ್ಲೇ ಅಡ್ಡದಾರಿ ಹಿಡಿಯುತ್ತದೆ, ರಿಲೇ ಬಿದ್ದುಬಿಡುತ್ತದೆ, ಸಿಗ್ನಲ್ ಕೆಂಪಾಗುತ್ತದೆ.

ಈ ಉಪಾಯದಲ್ಲಿ ನನಗೆ ಬಹಳ ಇಷ್ಟವಾಗುವುದು ಅದರ ಅನುಮಾನದ ಸ್ವಭಾವ. ತಂತಿ ತುಂಡಾದರೂ ರಿಲೇ ಬೀಳುತ್ತದೆ, ವಿದ್ಯುತ್ ಕೈಕೊಟ್ಟರೂ ಬೀಳುತ್ತದೆ, ಹಳಿ ಪೂರ್ತಿ ಮುರಿದರೂ ಸಾಮಾನ್ಯವಾಗಿ ಬೀಳುತ್ತದೆ. ಏನೋ ಸರಿಯಿಲ್ಲ ಎಂದಾಗಲೆಲ್ಲ ಅದು ಗಾಡಿ ಇದೆ ಎಂದೇ ಭಾವಿಸುತ್ತದೆ. ಜೋರು ಮಳೆಗೆ ಹಳಿಯ ನಡುವೆ ನೀರು ನಿಂತಾಗಲೂ ಹೀಗೆಯೇ: ನೀರಿನ ಮೂಲಕ ಪ್ರವಾಹ ಸೋರಿಹೋಗಿ, ಗಾಡಿಯೇ ಇಲ್ಲದ ಕಡೆ ಸಿಗ್ನಲ್ ಕೆಂಪಾಗುತ್ತದೆ. ಮರುದಿನ ಪತ್ರಿಕೆಗಳಲ್ಲಿ ‘ಸಿಗ್ನಲ್ ವೈಫಲ್ಯ’ ಎಂಬ ತಲೆಬರಹ. ಸಾವಿರಾರು ಜನ ನೆನೆಯುತ್ತಾ ಕಾದದ್ದು ನಿಜ, ಅವರ ಸಿಟ್ಟಿಗೆ ಕಾರಣವೂ ಇದೆ. ಆದರೂ ಆ ರಿಲೇ ತನಗೆ ವಹಿಸಿದ ಕೆಲಸವನ್ನೇ ಮಾಡಿರುತ್ತದೆ. ನೀರು ನಿಲ್ಲುವ ಕಡೆಗಳಲ್ಲಿ ಈಗ ಗಾಲಿಯ ಅಚ್ಚುಗಳನ್ನು ಎಣಿಸುವ ಸಾಧನಗಳೂ ಬಂದಿವೆ. ಒಳಹೋದ ಅಚ್ಚುಗಳೆಷ್ಟೋ ಅಷ್ಟೂ ಹೊರಬಂದರೆ ಮಾತ್ರ ಹಳಿ ಖಾಲಿ ಎಂದು ಲೆಕ್ಕ.

ಹಳಿ ಖಾಲಿಯಿದ್ದರೆ ಸಾಲದು, ದಾರಿಯೂ ಸರಿಯಾಗಿ ಜೋಡಿಕೊಂಡಿರಬೇಕು. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಜಾಗವನ್ನು ರೈಲ್ವೆಯವರು ಪಾಯಿಂಟ್ ಎನ್ನುತ್ತಾರೆ. ಅಲ್ಲಿ ನಾಲಿಗೆಯಂತೆ ತೆಳುವಾಗುತ್ತಾ ಹೋಗುವ ಹಳಿಯೊಂದು ಮೋಟಾರಿನ ಬಲದಿಂದ ಆಚೀಚೆ ಸರಿದು ಪಕ್ಕದ ಹಳಿಗೆ ಒತ್ತಿಕೊಳ್ಳುತ್ತದೆ. ಒತ್ತಿಕೊಂಡು ಬೀಗ ಬಿದ್ದದ್ದು ಖಾತ್ರಿಯಾಗುವ ತನಕ ಹಸಿರು ದೀಪ ಬರುವುದಿಲ್ಲ. ಗಾಡಿಗಳ ನಡುವೆ ಸಿಗುವ ಬಿಡುವಿನಲ್ಲಿ ಸಿಬ್ಬಂದಿ ಇದನ್ನು ಪರೀಕ್ಷಿಸುವ ಕ್ರಮವೊಂದಿದೆ. 5 ಮಿಲಿಮೀಟರ್ ದಪ್ಪದ ಲೋಹದ ತುಣುಕನ್ನು ಎರಡು ಹಳಿಗಳ ನಡುವೆ ಇಟ್ಟು ಪಾಯಿಂಟ್ ಹಾಕಿಸುತ್ತಾರೆ. ಮೋಟಾರು ಗುರುಗುಟ್ಟುತ್ತದೆ, ನಾಲಿಗೆ ಬಂದು ತುಣುಕಿಗೆ ತಗುಲಿ ನಿಲ್ಲುತ್ತದೆ. ಸಂದು ಉಳಿದಿರುವಾಗ ಬೀಗ ಬೀಳಬಾರದು. ಬಿದ್ದರೆ ಆ ಪಾಯಿಂಟನ್ನು ಸರಿಪಡಿಸುವವರೆಗೆ ಅದರ ಮೇಲೆ ಎಂದಿನಂತೆ ಗಾಡಿ ಬಿಡುವಂತಿಲ್ಲ. ಬೀಳದಿದ್ದರೆ ತುಣುಕನ್ನು ಹೊರತೆಗೆದು, ಇನ್ನೊಮ್ಮೆ ಹಾಕಿಸಿ, ಬೀಗ ಬಿದ್ದ ಸದ್ದು ಕೇಳಿದ ಮೇಲೆ ಹಳಿ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಆ ಹೊತ್ತಿಗೆ ಮುಂದಿನ ಲೋಕಲ್‌ನ ದೀಪ ಕಾಣಿಸುತ್ತಿರುತ್ತದೆ.