‘ಚೆನ್ನಾಗಿದ್ದೀರಾ’ ಮಾತಿನೊಳಗಿನ ಚೆನ್ನಮ್ಮ

ದಾರಿಯಲ್ಲಿ ಪರಿಚಯದವರು ಸಿಕ್ಕರೆ ‘ಚೆನ್ನಾಗಿದ್ದೀರಾ?’ ಅಂತ ಕೇಳುತ್ತೇವೆ. ಊಟ ಹೇಗಿತ್ತು ಅಂದರೆ ‘ಚೆನ್ನಾಗಿತ್ತು’ ಅನ್ನುತ್ತೇವೆ. ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಈ ಮಾತಿನೊಳಗೆ ಹೆಣ್ಣಿನ ಹೆಸರೊಂದು ಕೂತಿದೆ. ಚೆನ್ನಮ್ಮ.

‘ಚೆನ್ನು’ ಅಂದರೆ ಅಂದ, ಸೊಗಸು. ‘ಚೆನ್ನ’ ಅಂದರೆ ಚೆಲುವ. ಅದಕ್ಕೆ ‘ಆಗಿ’ ಸೇರಿದರೆ ಚೆನ್ನಾಗಿ, ‘ಅಮ್ಮ’ ಸೇರಿದರೆ ಚೆನ್ನಮ್ಮ. ಇದು ಅಚ್ಚಗನ್ನಡದ ಹೆಸರು. ಗಂಡೋ ಹೆಣ್ಣೋ ಅನ್ನುವುದು ಹೆಸರಿನ ಬಾಲದಲ್ಲಿ ಮಾತ್ರ ಗೊತ್ತಾಗುತ್ತದೆ. ಚೆನ್ನಪ್ಪ, ಚೆನ್ನಯ್ಯ, ಚೆನ್ನೇಗೌಡ ಒಂದು ಕಡೆಯಾದರೆ ಚೆನ್ನಮ್ಮ, ಚೆನ್ನಕ್ಕ, ಉತ್ತರ ಕರ್ನಾಟಕದ ಚೆನ್ನವ್ವ ಇನ್ನೊಂದು ಕಡೆ. ಪಕ್ಕದ ರಾಜ್ಯಗಳ ಚಿನ್ನಮ್ಮ ಬೇರೆಯೇ. ಅಲ್ಲಿ ‘ಚಿನ್ನ’ ಅಂದರೆ ಚಿಕ್ಕದು. ತಮಿಳರಿಗೆ ಚಿನ್ನಮ್ಮ ಅಂದರೆ ನಮ್ಮ ಚಿಕ್ಕಮ್ಮ.

ಈ ‘ಚೆನ್ನ’ ದೇವರಿಗೂ ಅಂಟಿಕೊಂಡಿತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವರನ್ನು ನಾವು ಕರೆಯುವುದು ಚೆನ್ನಕೇಶವ ಅಂತ. ಪಕ್ಕದ ಗುಡಿಯಲ್ಲಿ ಚೆನ್ನಿಗರಾಯ. ಅದೇ ಶತಮಾನದಲ್ಲಿ ಅಕ್ಕಮಹಾದೇವಿ ತನ್ನ ದೇವರನ್ನು ಸುಮ್ನೆ ಮಲ್ಲಿಕಾರ್ಜುನ ಅನ್ನಲಿಲ್ಲ, ಚೆನ್ನಮಲ್ಲಿಕಾರ್ಜುನ ಅಂದಳು. ಅವನನ್ನೇ ಗಂಡ ಅಂದುಕೊಂಡವಳು ಅವನ ಚೆಲುವನ್ನು ಹೇಳದೆ ಇರುತ್ತಾಳೆಯೇ? ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣ. ಶರಣರನ್ನು ನೆನೆಯುವ ಮನೆಗಳಲ್ಲಿ ಈ ಹೆಸರು ಜಾಸ್ತಿ ಕೇಳುವುದು ಸಹಜ.

ನನಗೆ ಮಜಾ ಅನ್ನಿಸುವುದು ಮುಂದಿನ ಕಥೆ. ಚೆಲುವೆ ಅನ್ನುವ ಅರ್ಥದ ಹೆಸರು, ಆದರೆ ಅದನ್ನು ಹೊತ್ತ ರಾಣಿಯರಲ್ಲಿ ಯಾರನ್ನೂ ನಾವು ಚೆಲುವಿಗಾಗಿ ನೆನೆಯುವುದಿಲ್ಲ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದು ಮೆಣಸಿನ ರಾಣಿ ಅಂತ. ಆಗ ಘಟ್ಟದ ಕೆಳಗಿನ ಕಾಳುಮೆಣಸಿಗೆ ಹಡಗುಗಳು ಕಾದು ನಿಲ್ಲುತ್ತಿದ್ದವು.

ಆಮೇಲೆ ಕೆಳದಿಯ ಚೆನ್ನಮ್ಮಾಜಿ. ಗಂಡ ಸೋಮಶೇಖರ ನಾಯಕ ಸತ್ತ ಮೇಲೆ ಬಿದನೂರಿನಿಂದ, ಅಂದರೆ ಈಗಿನ ನಗರದಿಂದ, ಸುಮಾರು 25 ವರ್ಷ ರಾಜ್ಯ ನಡೆಸಿದಳು. 1689ರಲ್ಲಿ ಔರಂಗಜೇಬನ ಕಣ್ಣು ತಪ್ಪಿಸಿ ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಹೊರಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟಳು. ಮೊಘಲ್ ಸೈನ್ಯ ಮೇಲೆ ಬೀಳುತ್ತದೆ ಅಂತ ಗೊತ್ತಿದ್ದೂ ಕೊಟ್ಟಳು. ಸೈನ್ಯ ಬಂತು ಕೂಡ. ಅವಳ ದತ್ತುಮಗ ಬಸಪ್ಪ ನಾಯಕನೇ ‘ಶಿವತತ್ತ್ವರತ್ನಾಕರ’ ಅನ್ನುವ ಸಂಸ್ಕೃತ ವಿಶ್ವಕೋಶ ಬರೆದವನು.

ಕಿತ್ತೂರಿನ ಚೆನ್ನಮ್ಮ ಹುಟ್ಟಿದ್ದು ಬೆಳಗಾವಿ ಹತ್ತಿರದ ಕಾಕತಿಯಲ್ಲಿ. ಗಂಡ ಮಲ್ಲಸರ್ಜ ಹೋದ, 1824ರಲ್ಲಿ ಅವನ ಮಗ, ದೊರೆ ಶಿವಲಿಂಗರುದ್ರಸರ್ಜನೂ ಹೋದ. ದತ್ತು ತೆಗೆದುಕೊಂಡ ಹುಡುಗನನ್ನು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್ ಹೊತ್ತಿಗೆ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು.

ಅಲ್ಲಿಂದ ಈ ಹೆಸರಿನ ಅರ್ಥವೇ ಬದಲಾಯಿತು ಅನ್ನಬಹುದು. ಜೋರಾಗಿ ಮಾತಾಡುವ ಹುಡುಗಿಯನ್ನು ‘ಏನಮ್ಮಾ ಕಿತ್ತೂರು ಚೆನ್ನಮ್ಮ!’ ಅಂತ ರೇಗಿಸುತ್ತೇವೆ, ಅಲ್ವಾ? ಬೋರ್ಡುಗಳಲ್ಲಿ ಕೆಲವೊಮ್ಮೆ ಚನ್ನಮ್ಮ, ಕೆಲವೊಮ್ಮೆ ಚೆನ್ನಮ್ಮ. ಹುಬ್ಬಳ್ಳಿಯಲ್ಲಿ ಅವಳ ಹೆಸರಿನ ಸರ್ಕಲ್ ಇದೆ, ಬೆಳಗಾವಿಯಲ್ಲಿ 2010ರಿಂದ ವಿಶ್ವವಿದ್ಯಾಲಯ ಇದೆ, ಬೆಂಗಳೂರಿನಿಂದ ಆ ಕಡೆಗೆ ರೈಲೂ ಇದೆ. 2007ರಲ್ಲಿ ದೆಹಲಿಯ ಸಂಸತ್ ಭವನದ ಆವರಣದಲ್ಲೂ ಪ್ರತಿಮೆ ನಿಂತಿತು.

ತೊಟ್ಟಿಲಲ್ಲಿ ಮಾತ್ರ ಅವಳಿಲ್ಲ. ನನಗೆ ಗೊತ್ತಿರುವ ಚೆನ್ನಮ್ಮಂದಿರೆಲ್ಲ ಅಜ್ಜಿಯರೇ. ಮೊನ್ನೆ ಒಂದು ನಾಮಕರಣಕ್ಕೆ ಹೋಗಿದ್ದೆ, ಮಗುವಿಗೆ ಚಾರ್ವಿ ಅಂತ ಇಟ್ಟರು. ‘ಏನಪ್ಪಾ ಹಾಗಂದ್ರೆ?’ ಅಂತ ಮೂಲೆಯಲ್ಲಿ ಕೂತಿದ್ದ ಮುತ್ತಜ್ಜಿ ಕೇಳಿದರು. ಚೆಲುವೆ ಅಂತ ಅರ್ಥ ಅಜ್ಜಿ, ಅಂದರು. ‘ಹಂಗಾದ್ರೆ ನನ್ ಹೆಸರೇ ಇಟ್ಟಿದೀರಿ’ ಅಂದರು ಚೆನ್ನಮ್ಮಜ್ಜಿ.