ಅಪರಾಧಿಯ ಮಾಹಿತಿ ಯಾರ ಕೈ ಸೇರಬೇಕು?

ಇಂಗ್ಲೆಂಡಿನಲ್ಲಿ ಮಕ್ಕಳ ರಕ್ಷಣೆಯ ಸೋಷಿಯಲ್ ವರ್ಕರ್ ಆಗಿರುವ ನನ್ನನ್ನು ಇಲ್ಲಿನ ಕನ್ನಡ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಮನೆಗೆ ಬಂದುಹೋಗುವ ಒಬ್ಬ ವ್ಯಕ್ತಿ ಹಿಂದೆ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದು ಪೊಲೀಸರಿಗೆ ಗೊತ್ತಿದ್ದರೆ, ಅದನ್ನು ಅವರು ನಮಗೆ ತಿಳಿಸುತ್ತಾರೆಯೇ? ತಿಳಿಸುತ್ತಾರೆ, ಆದರೆ ಕೇಳಿದವರಿಗೆಲ್ಲ ತಿಳಿಸುವುದಿಲ್ಲ. ಈ ವ್ಯವಸ್ಥೆಯ ಜೀವಾಳವಿರುವುದೇ ಅಲ್ಲಿ.

2000ದ ಜುಲೈನಲ್ಲಿ ವೆಸ್ಟ್ ಸಸೆಕ್ಸಿನಲ್ಲಿ ಸಾರಾ ಪೇನ್ ಎಂಬ 8 ವರ್ಷದ ಬಾಲಕಿಯ ಅಪಹರಣವಾಗಿ ಕೊಲೆ ನಡೆಯಿತು. ಕೊಲೆಗಾರನಿಗೆ ಮತ್ತೊಬ್ಬ ಬಾಲಕಿಯ ಅಪಹರಣ ಮತ್ತು ದೌರ್ಜನ್ಯಕ್ಕಾಗಿ 1995ರಲ್ಲೇ ಶಿಕ್ಷೆಯಾಗಿತ್ತು. ಲೈಂಗಿಕ ಅಪರಾಧಿಗಳ ಮಾಹಿತಿಯನ್ನು ಬಹಿರಂಗಪಡಿಸುವ ಅಮೆರಿಕದ ಮೇಗನ್ ಕಾನೂನಿನಂತೆ ಇಲ್ಲಿಯೂ ಇಂಥವರ ಮಾಹಿತಿ ಜನರಿಗೆ ಸಿಗಬೇಕೆಂದು ಬಾಲಕಿಯ ತಾಯಿ ಹೋರಾಟಕ್ಕಿಳಿದರು. ಆ ನೋವಿನ ಮುಂದೆ ಯಾರೂ ವಾದಿಸಲಾರರು. ಆದರೆ ಅದೇ ಬೇಸಿಗೆಯಲ್ಲಿ ಪತ್ರಿಕೆಯೊಂದು ಅಪರಾಧಿಗಳ ಹೆಸರು, ಭಾವಚಿತ್ರಗಳನ್ನು ಅಚ್ಚು ಹಾಕಿದಾಗ ಪೋರ್ಟ್ಸ್‌ಮೌತ್‌ನ ಪಾಲ್ಸ್‌ಗ್ರೋವ್ ಬಡಾವಣೆಯಲ್ಲಿ ಜನ ದಿನಗಟ್ಟಲೆ ಬೀದಿಗಿಳಿದರು. ಯಾವ ತಪ್ಪನ್ನೂ ಮಾಡದ ಕುಟುಂಬಗಳೂ ಮನೆ ಬಿಟ್ಟು ಹೋಗಬೇಕಾಯಿತು. ವೇಲ್ಸ್‌ನ ನ್ಯೂಪೋರ್ಟ್ ಬಳಿ ಮಕ್ಕಳ ವೈದ್ಯೆಯೊಬ್ಬರ ಮನೆಯ ಮೇಲೆ ಯಾರೋ ಬೈಗುಳ ಬರೆದಿದ್ದರು. ‘ಪೀಡಿಯಾಟ್ರಿಷಿಯನ್’ ಎಂಬ ಅವರ ವೃತ್ತಿಯ ಹೆಸರನ್ನೇ ‘ಪೀಡೋಫೈಲ್’, ಅಂದರೆ ಮಕ್ಕಳ ಮೇಲೆ ಲೈಂಗಿಕ ಆಸಕ್ತಿಯುಳ್ಳವರು, ಎಂದು ತಿಳಿದಿರಬೇಕು. ಕರ್ನಾಟಕದ ಓದುಗರಿಗೆ ಇದು ದೂರದ ಕಥೆಯೇನಲ್ಲ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯಿಂದ ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಪ್ರಾಣ ಹೋಯಿತು.

ಪೊಲೀಸರಿಗೆ ಇನ್ನೊಂದು ಆತಂಕವೂ ಇತ್ತು. ಶಿಕ್ಷೆ ಮುಗಿಸಿ ಹೊರಬಂದ ಇಂಥ ಅಪರಾಧಿ ತನ್ನ ಹೆಸರು, ವಿಳಾಸಗಳನ್ನು ಪೊಲೀಸರಲ್ಲಿ ನೋಂದಾಯಿಸಬೇಕು ಮತ್ತು ವಿಳಾಸ ಬದಲಾದರೆ 3 ದಿನಗಳೊಳಗೆ ತಿಳಿಸಬೇಕು. ಅವನು ಎಲ್ಲಿದ್ದಾನೆಂಬುದು ಅಧಿಕಾರಿಗೆ ಗೊತ್ತಿರುವುದೇ ಮಕ್ಕಳಿಗಿರುವ ಮೊದಲ ಕಾವಲು. ಊರೆಲ್ಲ ಬೆನ್ನಟ್ಟಿದರೆ ಅವನು ತಲೆಮರೆಸಿಕೊಳ್ಳುತ್ತಾನೆ, ಆ ಕಾವಲೂ ತಪ್ಪುತ್ತದೆ. ಆದ್ದರಿಂದ ಬ್ರಿಟನ್ ಅಮೆರಿಕದಂತೆ ಪಟ್ಟಿಯನ್ನು ಬಹಿರಂಗಪಡಿಸದೆ, ಕೇಳಿದಾಗ ಪರಿಶೀಲಿಸಿ ತಿಳಿಸುವ ದಾರಿ ಹಿಡಿಯಿತು. 2008ರಲ್ಲಿ ನಾಲ್ಕು ಪೊಲೀಸ್ ವಲಯಗಳಲ್ಲಿ ಪ್ರಯೋಗ ನಡೆದು, 2011ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಉದ್ದಗಲಕ್ಕೂ ಜಾರಿಗೆ ಬಂದ ಈ ಯೋಜನೆಯನ್ನು ಜನ ‘ಸಾರಾ ಕಾನೂನು’ ಎನ್ನುತ್ತಾರೆ. ಪ್ರಯೋಗದ ಅವಧಿಯಲ್ಲಿ ಪರಿಶೀಲನೆಗೆ ತೆಗೆದುಕೊಂಡ 315 ಅರ್ಜಿಗಳ ಪೈಕಿ ಮಾಹಿತಿ ಬಹಿರಂಗವಾದದ್ದು 21ರಲ್ಲಿ ಮಾತ್ರ.

ಇದು ನಡೆಯುವ ಬಗೆಯನ್ನು ಗುರುತು ಸಿಗದಂತೆ ವಿವರ ಬದಲಿಸಿದ ಒಂದು ಪ್ರಕರಣದಿಂದ ಹೇಳುತ್ತೇನೆ. ಮಗಳ ಮನೆಗೆಂದು ಶಿವಮೊಗ್ಗದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರಿಗೆ, ಗಂಡನಿಂದ ದೂರವಾಗಿದ್ದ ಮಗಳ ಹೊಸ ಸ್ನೇಹಿತ ಮೊಮ್ಮಗಳನ್ನು ಒಬ್ಬಳನ್ನೇ ಕಾರಿನಲ್ಲಿ ಕರೆದೊಯ್ಯುತ್ತಿದ್ದುದು ಸರಿಕಾಣಲಿಲ್ಲ. ಅರ್ಜಿಯನ್ನು ತಂದೆತಾಯಿಯೇ ಕೊಡಬೇಕೆಂದಿಲ್ಲ. ಅಜ್ಜಿ, ನೆರೆಯವರು, ಸ್ನೇಹಿತರು ಯಾರಾದರೂ ಕೊಡಬಹುದು. ಪೊಲೀಸರು ಅಜ್ಜಿಯ ಗುರುತಿನ ಚೀಟಿ ನೋಡಿ, ಅವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿ, ದಾಖಲೆಗಳನ್ನು ತಡಕಿದರು. ಹೇಳಬೇಕಾದ ಸಂಗತಿಯೊಂದು ಸಿಕ್ಕಿತು. ಅದನ್ನು ಹೇಳಿದ್ದು ಮಾತ್ರ ಅಜ್ಜಿಗಲ್ಲ, ಮಗಳಿಗೆ. “ಕೇಳಿದೋಳು ನಾನು ಕಣಮ್ಮ, ನನ್ನನ್ನೇ ಆಚೆ ಕಳಿಸ್ತೀರಲ್ಲ” ಎಂದು ಅವರು ನೊಂದುಕೊಂಡರು. ಮಗುವನ್ನು ಕಾಪಾಡುವ ಸ್ಥಾನದಲ್ಲಿರುವವರಿಗೆ ಮಾತ್ರ ಮಾಹಿತಿ ಹೋಗಬೇಕೆಂಬ ನಿಯಮವನ್ನು ನಾನು ಅವರಿಗೆ ಎರಡು ಸಲ ವಿವರಿಸಬೇಕಾಯಿತು.

ಅಡುಗೆಮನೆಯ ಮೇಜಿನ ಮುಂದೆ ಅಧಿಕಾರಿ ಮೊದಲು ಒಂದು ಮುಚ್ಚಳಿಕೆಗೆ ಆ ತಾಯಿಯ ಸಹಿ ಪಡೆದರು. ಈಗ ಹೇಳುವುದನ್ನು ಮಗುವಿನ ರಕ್ಷಣೆಗೆ ಮಾತ್ರ ಬಳಸುತ್ತೇನೆ, ಬೇರೆಯವರಿಗೆ ಹರಡುವುದಿಲ್ಲ, ಹರಡಿದರೆ ಕಾನೂನು ಕ್ರಮ ಎದುರಿಸಬೇಕಾಗಬಹುದು ಎಂಬುದು ಅದರ ಸಾರ. ಆಮೇಲೆ ಅಗತ್ಯವಿದ್ದಷ್ಟನ್ನು ಬಾಯಿಮಾತಿನಲ್ಲಿ ಹೇಳಿದರು. ಒಂದು ಕಾಗದವನ್ನೂ ಮನೆಯಲ್ಲಿ ಬಿಡಲಿಲ್ಲ. ತುಂಬ ಹೊತ್ತು ಸುಮ್ಮನಿದ್ದ ತಾಯಿ ಕೇಳಿದ ಮೊದಲ ಪ್ರಶ್ನೆ, “ಇವತ್ತು ಸಂಜೆ ಅವನು ಬಾಗಿಲು ತಟ್ಟಿದರೆ ನಾನೇನು ಹೇಳಲಿ?” ಎಂಬುದು. ಅಂದಿನ ಭೇಟಿಯ ಉಳಿದ ಒಂದು ಗಂಟೆಯೆಲ್ಲ ಆ ಪ್ರಶ್ನೆಗೇ ಹೋಯಿತು, ಹಾಗೆ ಹೋಗಬೇಕಾದದ್ದೇ ಸರಿ. ಮುಂದೇನು ಮಾಡಬೇಕೆಂಬ ಯೋಜನೆಯಿಲ್ಲದೆ ಕೊಟ್ಟ ಮಾಹಿತಿ ತಾಯಿಯ ನಿದ್ದೆ ಕೆಡಿಸುತ್ತದೆಯೇ ಹೊರತು ಮಗುವಿಗೆ ಆಸರೆಯಾಗುವುದಿಲ್ಲ.

ಮಾಹಿತಿ ಬಹಿರಂಗಪಡಿಸುವ ಮುನ್ನ ಆ ವ್ಯಕ್ತಿಯ ಅಹವಾಲು ಕೇಳಬೇಕೇ ಎಂಬುದನ್ನೂ ಪೊಲೀಸರು ಪರಿಗಣಿಸಬೇಕೆಂದು ಹೈಕೋರ್ಟ್ 2012ರಲ್ಲಿ ಹೇಳಿದೆ. ಅಪಾಯ ಕಣ್ಣೆದುರಿಗಿದ್ದರೆ ಅದಕ್ಕಾಗಿ ಕಾಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ‘ತಿಳಿಸುವಂಥದ್ದೇನೂ ಇಲ್ಲ’ ಎಂಬ ಉತ್ತರ ಪಡೆದವರ ನಿರಾಳತೆ. ಅದು ಆ ವ್ಯಕ್ತಿಗೆ ಸಿಕ್ಕ ಸನ್ನಡತೆಯ ಪ್ರಮಾಣಪತ್ರವಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗುವ ಬಹಳಷ್ಟು ಜನರ ಮೇಲೆ ಎಂದೂ ದೂರೇ ದಾಖಲಾಗಿರುವುದಿಲ್ಲ. ಬೇರೆ ದೇಶದಲ್ಲಿ ನಡೆದದ್ದು ಇಲ್ಲಿನ ದಾಖಲೆಯಲ್ಲಿ ಇರದೆಯೂ ಹೋಗಬಹುದು. ಪರಿಚಯವಾದ ಎಲ್ಲರನ್ನೂ ‘ಅಂಕಲ್’ ಎಂದು ಮಕ್ಕಳಿಂದ ಕರೆಸುವ ನಮ್ಮ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. ಅಂಥ ಉತ್ತರ ಬಂದ ಮೇಲೂ ನಿಮಗೆ ಸಂಶಯ ಹುಟ್ಟಿಸಿದ ನಡವಳಿಕೆ ಹಾಗೆಯೇ ಉಳಿದಿದ್ದರೆ ಅದನ್ನು ಪೊಲೀಸರಿಗೆ ಅಥವಾ ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನ ಮಕ್ಕಳ ವಿಭಾಗಕ್ಕೆ ಮತ್ತೆ ತಿಳಿಸಿ. ಮಗು ಈ ಕ್ಷಣವೇ ಅಪಾಯದಲ್ಲಿದ್ದರೆ ಅರ್ಜಿ ಬರೆಯುತ್ತ ಕೂರದೆ 999ಕ್ಕೆ ಕರೆ ಮಾಡಿ.

ಭಾರತದಲ್ಲಿ 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವು ಪೊಲೀಸರು ಮತ್ತು ತನಿಖಾ ಸಂಸ್ಥೆಗಳ ಬಳಕೆಗೆ ಮೀಸಲಾಗಿದ್ದು, ಪೋಷಕರು ಅದನ್ನು ನೋಡುವಂತಿಲ್ಲ. ಆದರೆ 2020ರ ಪೋಕ್ಸೊ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರಗಳಂಥ ಸಂಸ್ಥೆಗಳು ಮಕ್ಕಳ ಸಂಪರ್ಕಕ್ಕೆ ಬರುವ ಸಿಬ್ಬಂದಿಯ ಹಿನ್ನೆಲೆಯನ್ನು ನಿಯತಕಾಲಕ್ಕೆ ಪೊಲೀಸರಿಂದ ಪರಿಶೀಲನೆ ಮಾಡಿಸಲೇಬೇಕು. ಈ ಪರಿಶೀಲನೆ ಕಳೆದ ಬಾರಿ ಯಾವಾಗ ನಡೆಯಿತೆಂದು ಪೋಷಕರ ಸಭೆಯಲ್ಲಿ ಎದ್ದುನಿಂತು ಕೇಳಿ, ಶಾಲಾ ವಾಹನದ ಚಾಲಕ ಮತ್ತು ಸಹಾಯಕರದ್ದೂ ಆಗಿದೆಯೇ ಎಂದು ಸೇರಿಸಿಯೇ ಕೇಳಿ.