ಮಗುಗೆ ಐದು ವರ್ಷ ತುಂಬಿದ ತಕ್ಷಣ ಕಸ್ಟಡಿ ಅಪ್ಪನಿಗೆ ಹೋಗ್ಬಿಡತ್ತಾ?

ಪ್ರಶ್ನೆ: ಒಂದು ವರ್ಷದಿಂದ ತವರುಮನೇಲಿದೀನಿ, ಮಗನೂ ನನ್ ಜತೆ ಇದಾನೆ. ಇನ್ನೆರಡು ತಿಂಗಳಿಗೆ ಅವನಿಗೆ ಐದು ತುಂಬತ್ತೆ. ಐದಾದ್ಮೇಲೆ ಗಂಡುಮಗು ಅಪ್ಪಂದು, ಕಾನೂನೇ ಹಂಗಿದೆ, ಬಂದು ಕರ್ಕೊಂಡು ಹೋಗ್ತೀವಿ ಅಂತ ಗಂಡನ ಮನೆಯೋರು ಹೇಳ್ತಿದಾರೆ. ನಂಗೆ ಕೆಲಸ ಇಲ್ಲ. ಡೈವೋರ್ಸ್ ಕೇಸ್ ಇನ್ನೂ ಯಾರೂ ಹಾಕಿಲ್ಲ. ಮಗು ನನ್ ಹತ್ರ ಉಳಿಯತ್ತಾ?

ಉತ್ತರ: ಅಂಥ ಕಾನೂನು ಇಲ್ಲ. ಇದನ್ನ ಮೊದಲು ಮನಸಲ್ಲಿಟ್ಕೊಳ್ಳಿ, ಯಾಕಂದ್ರೆ ಈ ಒಂದು ಮಾತಿಗೆ ಹೆದರಿ ಏನೇನಕ್ಕೋ ಸಹಿ ಹಾಕ್ಕೊಟ್ಟು ಆಮೇಲೆ ಲಾಯರ್ ಹತ್ರ ಓಡಿ ಬರೋ ಹೆಣ್ಮಕ್ಕಳು ತುಂಬಾ ಜನ ಇದಾರೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಈ ಐದು ವರ್ಷದ ಮಾತು ಬಂದಿರೋದು 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟ್‌ನ ಸೆಕ್ಷನ್ 6ರಿಂದ. ಅಲ್ಲಿರೋದು ಇಷ್ಟೇ, ಮಗುವಿನ ಸಹಜ ಗಾರ್ಡಿಯನ್, ಅಂದ್ರೆ ಕಾನೂನು ಒಪ್ಪೋ ಪೋಷಕ, ಅಪ್ಪ, ಅವನಾದ್ಮೇಲೆ ಅಮ್ಮ, ಆದ್ರೆ ಐದು ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಹತ್ರಾನೇ ಇರಬೇಕು. ಐದಾದ್ಮೇಲೆ ಅಪ್ಪನಿಗೆ ಒಪ್ಪಿಸಿ ಅಂತ ಆ ಸೆಕ್ಷನ್‌ನಲ್ಲಿ ಎಲ್ಲೂ ಇಲ್ಲ, ಅದು ಜನ ಸೇರಿಸ್ಕೊಂಡಿರೋದು. ಅದೇ ಆಕ್ಟ್‌ನ ಸೆಕ್ಷನ್ 13 ಓದಿದ್ರೆ ಯಾವ ವಯಸ್ಸಿನ ಮಗುವಾದ್ರೂ ಸರಿ, ಅದರ ಹಿತಾನೇ ಎಲ್ಲಕ್ಕಿಂತ ಮೇಲೆ ಅಂತ ಸ್ಪಷ್ಟವಾಗಿದೆ. 'ಅಪ್ಪನೇ ಗಾರ್ಡಿಯನ್' ಅನ್ನೋ ಸಾಲಿಗೂ ಹೆದರಬೇಡಿ, 1999ರಲ್ಲಿ ಗೀತಾ ಹರಿಹರನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಅಪ್ಪ ಬದುಕಿದ್ರೂ ಮಗುವಿನ ಕಡೆ ತಿರುಗಿ ನೋಡ್ತಿಲ್ಲ ಅಂದ್ರೆ ಅಮ್ಮನೇ ಗಾರ್ಡಿಯನ್ ಆಗಿ ನಡ್ಕೋಬಹುದು ಅಂತ ಹೇಳಿ ಆಗಿದೆ. ಮಕ್ಕಳು ಅಪ್ಪ ಅಮ್ಮನ ಆಸ್ತಿಯಲ್ಲ ಅಂತ ಅದೇ ಕೋರ್ಟ್ 1973ರಲ್ಲೇ, ರೋಸಿ ಜೇಕಬ್ ಕೇಸಲ್ಲೇ ಹೇಳಿತ್ತು.

ಹಾಗಾದ್ರೆ ಕೋರ್ಟ್ ಏನು ನೋಡತ್ತೆ? ಮಗುನ ಇಷ್ಟು ದಿನ ನಿಜವಾಗ್ಲೂ ಸಾಕಿದ್ದು ಯಾರು, ಈಗ ಅದು ಎಲ್ಲಿ ನೆಲೆಯಾಗಿದೆ, ಸ್ಕೂಲು ಯಾವುದು, ಮನೇಲಿ ಹೊಡೆದಾಟ ಕುಡಿತ ಇದೆಯಾ, ಇನ್ನೊಬ್ಬರನ್ನ ಮಗುವಿನಿಂದ ದೂರ ಮಾಡೋ ಪ್ರಯತ್ನ ಯಾರಾದ್ರೂ ಮಾಡ್ತಿದಾರಾ, ಇವೆಲ್ಲ. ಸಾಕ್ಷಿ ಹೇಳೋ ಹಂತದಲ್ಲಿ ಅಪ್ಪನ್ನ ಕ್ರಾಸ್ ಮಾಡುವಾಗ, ಅಂದ್ರೆ ನಿಮ್ಮ ಕಡೆ ಲಾಯರ್ ಪಾಟೀಸವಾಲು ಮಾಡುವಾಗ, ಕೇಳೋ ಪ್ರಶ್ನೆಗಳು ನೋಡಿದ್ರೆ ನಿಮಗೇ ಅರ್ಥ ಆಗತ್ತೆ: ಮಗನ ಕ್ಲಾಸ್ ಟೀಚರ್ ಹೆಸರೇನು, ಕೊನೇ ಸಲ ಜ್ವರ ಬಂದಾಗ ಯಾವ ಡಾಕ್ಟರ್‌ಗೆ ತೋರಿಸಿದ್ರಿ, ಯಾವ ಊಟ ಮಾಡಿದ್ರೆ ಅವನಿಗೆ ಅಲರ್ಜಿ, ಲಾಸ್ಟ್ ಪೇರೆಂಟ್ಸ್ ಮೀಟಿಂಗಿಗೆ ಯಾರು ಹೋಗಿದ್ರು. ಲಕ್ಷಗಟ್ಟಲೆ ಸಂಬಳದ ಪೇ ಸ್ಲಿಪ್ ಹಿಡ್ಕೊಂಡು ಬಂದು ಇದಕ್ಕೆ ಉತ್ತರ ಗೊತ್ತಿಲ್ದೇ ತಬ್ಬಿಬ್ಬಾಗಿ ನಿಂತ್ಕೊಳೋರು ಇದಾರೆ. ಇದೇ ಪ್ರಶ್ನೆ ಅಮ್ಮನಿಗೂ ಕೇಳ್ತಾರೆ, ಹಾಗಾಗಿ ವ್ಯಾಕ್ಸಿನ್ ಕಾರ್ಡು, ಸ್ಕೂಲ್ ಡೈರಿ, ಫೀಸ್ ರಸೀದಿ, ಡಾಕ್ಟರ್ ಚೀಟಿ ಎಲ್ಲಾ ಇವತ್ತಿಂದಾನೇ ಒಂದು ಫೈಲಲ್ಲಿ ಸೇರಿಸಿಡಿ.

ಕೆಲಸ ಇಲ್ಲ ಅನ್ನೋದು ನಿಮ್ಮನ್ನ ತುಂಬಾ ಕಾಡ್ತಿರೋ ಹಾಗಿದೆ. ಕೆಲಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಅಮ್ಮನ ಕೈಯಿಂದ ಮಗುನ ಕಿತ್ಕೊಳಲ್ಲ. ಮಗು ನಿಮ್ಮ ಹತ್ರ ಇದ್ರೂ ಅದರ ಖರ್ಚು ಕೊಡೋ ಜವಾಬ್ದಾರಿ ಅಪ್ಪನಿಗೆ ತಪ್ಪಲ್ಲ. ಮೇಂಟೆನೆನ್ಸ್, ಅಂದ್ರೆ ಜೀವನಾಂಶ, ಕೇಳೋಕೆ ಡೈವೋರ್ಸ್ ಕೇಸೇ ಹಾಕಿರಬೇಕು ಅಂತಾನೂ ಇಲ್ಲ, ಮೊದಲು ಸಿಆರ್‌ಪಿಸಿ (ಹಳೇ ಕ್ರಿಮಿನಲ್ ಪ್ರೊಸೀಜರ್ ಕೋಡ್) 125 ಅಂತಿದ್ದದ್ದು 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 144 ಆಗಿದೆ, ಅದರ ಕೆಳಗೆ ನಿಮಗೂ ಮಗುಗೂ ಸೇರಿ ಕೇಳಬಹುದು. 2020ರ ರಜನೇಶ್ ವರ್ಸಸ್ ನೇಹಾ ತೀರ್ಪು ಬಂದಮೇಲೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ಬರೆದುಕೊಡಲೇಬೇಕು, ಮತ್ತೆ ಮೇಂಟೆನೆನ್ಸ್ ಲೆಕ್ಕ ಶುರುವಾಗೋದು ಅರ್ಜಿ ಹಾಕಿದ ದಿನದಿಂದ. ಅಂದ್ರೆ ಆರ್ಡರ್ ಬರೋದು ತಡ ಆದ್ರೂ ಆ ತಿಂಗಳುಗಳ ದುಡ್ಡು ಕಳ್ಕೊಳಲ್ಲ, ಆದ್ರೆ ನೀವು ಅರ್ಜಿ ಹಾಕೋದನ್ನೇ ತಡ ಮಾಡಿದ್ರೆ ಕಳ್ಕೋತೀರ.

ಈಗ ನಿಜವಾಗ್ಲೂ ಗಮನ ಕೊಡಬೇಕಾದ ವಿಷಯಕ್ಕೆ ಬರ್ತೀನಿ. ಕಸ್ಟಡಿ ಕೇಸಲ್ಲಿ ಕೊನೇ ತೀರ್ಪಿಗಿಂತ ಕೇಸ್ ನಡೀತಿರುವಾಗ ಕೊಡೋ ಮಧ್ಯಂತರ ಆರ್ಡರ್ರೇ ಎಷ್ಟೋ ಸಲ ಮುಖ್ಯ ಆಗ್ಬಿಡತ್ತೆ, ಯಾಕಂದ್ರೆ ಕೇಸ್ ಮುಗಿಯೋಕೆ ವರ್ಷಗಟ್ಟಲೆ ಹಿಡಿಯತ್ತೆ, ಅಷ್ಟರಲ್ಲಿ ಮಗು ಯಾರ ಹತ್ರ ಇದ್ದು ಹೊಂದ್ಕೊಂಡಿರತ್ತೋ ಅಲ್ಲಿಂದ ಕೀಳೋಕೆ ಜಡ್ಜ್‌ಗಳು ಹಿಂದೆ ಮುಂದೆ ನೋಡ್ತಾರೆ. ಈಗ ಮಗ ನಿಮ್ಮ ಹತ್ರ ಇದಾನೆ, ಅದು ನಿಮಗೆ ಅನುಕೂಲ. ಆದ್ರೆ ಕೈಯಲ್ಲಿ ಒಂದು ಕಾಗದ ಇಲ್ಲ. ನಾಳೆ ಯಾರಾದ್ರೂ ಸ್ಕೂಲಿಂದ ಅವನನ್ನ ಕರ್ಕೊಂಡು ಹೋದ್ರೆ ಸ್ಟೇಷನ್‌ನಲ್ಲಿ 'ಅಪ್ಪನೇ ತಾನೇ ಕರ್ಕೊಂಡು ಹೋಗಿದ್ದು, ಇದು ಫ್ಯಾಮಿಲಿ ಮ್ಯಾಟರ್, ಕೋರ್ಟಿಗೆ ಹೋಗಿ' ಅಂತಾರೆ, ಆಮೇಲೆ ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಮಗುನ ಕೋರ್ಟ್ ಮುಂದೆ ಹಾಜರು ಮಾಡಿಸಿ ಅನ್ನೋ ಅರ್ಜಿ, ಹಾಕ್ಕೊಂಡು ಓಡಾಡಬೇಕು. ಅದಕ್ಕೇ ಡೈವೋರ್ಸ್ ಬೇಕೋ ಬೇಡವೋ ನಿಧಾನವಾಗಿ ಯೋಚನೆ ಮಾಡಿ, ಕಸ್ಟಡಿ ಅರ್ಜಿ ಮಾತ್ರ ಈಗ್ಲೇ ಹಾಕಿ. ಡೈವೋರ್ಸ್ ಕೇಸ್ ನಡೀತಿದ್ರೆ ಹಿಂದೂ ಮ್ಯಾರೇಜ್ ಆಕ್ಟ್ ಸೆಕ್ಷನ್ 26ರಲ್ಲಿ ಕೇಳಬಹುದಿತ್ತು, ನಿಮ್ಮದು ಇನ್ನೂ ಹಾಕಿಲ್ಲವಾದ್ರಿಂದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಕೆಳಗೆ ಹೋಗಬೇಕು, ಜತೆಗೆ ಮಗುನ ನನ್ನಿಂದ ಬಲವಂತವಾಗಿ ಕರ್ಕೊಂಡು ಹೋಗಬಾರದು ಅಂತ ಮಧ್ಯಂತರ ಅರ್ಜಿ. ಈ ಕೇಸು ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಆ ಊರಿನ ಕೋರ್ಟಲ್ಲೇ ನಡೆಯತ್ತೆ, ಗಂಡನ ಊರಿಗೆ ಅಲೆಯೋದು ಬೇಡ. ಹೊಡೆತ ಬಡಿತ ಇದ್ದು ಮನೆ ಬಿಟ್ಟಿದ್ದೀರಾದ್ರೆ 2005ರ ಡೊಮೆಸ್ಟಿಕ್ ವಯಲೆನ್ಸ್ ಆಕ್ಟ್‌ನಲ್ಲೂ ಮ್ಯಾಜಿಸ್ಟ್ರೇಟ್ ತಾತ್ಕಾಲಿಕ ಕಸ್ಟಡಿ ಕೊಡಬಹುದು.

ಅಕ್ಕಪಕ್ಕದೋರು ಇನ್ನೊಂದು ಸಲಹೆ ಕೊಟ್ಟಿರ್ತಾರೆ, '498ಎ ಹಾಕು, ದಾರಿಗೆ ಬರ್ತಾರೆ' ಅಂತ. ಹೆಂಡತಿಗೆ ಗಂಡ ಅಥವಾ ಅವನ ಮನೆಯೋರು ಕೊಡೋ ಹಿಂಸೆಗೆ ಹಳೇ ಐಪಿಸಿಯಲ್ಲಿದ್ದ ಸೆಕ್ಷನ್ ಅದು, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 85. ಹಿಂಸೆ ಆಗಿದ್ರೆ ಒಂದು ಕ್ಷಣನೂ ಯೋಚನೆ ಮಾಡದೆ ಕಂಪ್ಲೇಂಟ್ ಕೊಡಿ. ಆಗಿಲ್ದೇ ಇರೋದನ್ನ ಸೇರಿಸಬೇಡಿ, ಅದು ಇನ್ನೊಬ್ಬರಿಗೆ ಮಾಡೋ ಅನ್ಯಾಯ, ಮತ್ತೆ ಸುಳ್ಳು ಅಂತ ಗೊತ್ತಾದ ಮೇಲೆ ಕಸ್ಟಡಿ ಕೇಸಲ್ಲಿ ನೀವು ಹೇಳೋ ನಿಜಾನೂ ಜಡ್ಜ್ ನಂಬಲ್ಲ.

ಅಪ್ಪನಿಗೆ ಮಗುನ ತೋರಿಸಲೇಬೇಕಾ ಅಂತ ಮುಂದಿನ ಪ್ರಶ್ನೆ ಬರತ್ತೆ, ನನ್ನ ಉತ್ತರ ಹೌದು, ಮಗುಗೆ ಅವರಿಂದ ಅಪಾಯ ಇದ್ರೆ ಮಾತ್ರ ಬೇರೆ. ಯಶಿತಾ ಸಾಹು ಕೇಸಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಮಗುಗೆ ಇಬ್ಬರ ಪ್ರೀತಿನೂ ಬೇಕು, ಭೇಟಿ ಆಗೋಕೆ ಆಗ್ದೇ ಇದ್ರೆ ವಿಡಿಯೋ ಕಾಲಾದ್ರೂ ಇರಲಿ ಅಂತ ಹೇಳಿದೆ. ಕೇಸ್ ಹಾಕೋ ಮೊದಲೇ 'ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರ ತನಕ ನಮ್ಮೂರಿನ ಪಾರ್ಕಲ್ಲಿ ಮಗನ್ನ ನೋಡಬಹುದು' ಅಂತ ಒಂದು ಮರ್ಯಾದೆಯ ಮೆಸೇಜ್ ಹಾಕಿಡಿ. ಬಂದ್ರೆ ಮಗುಗೆ ಒಳ್ಳೇದು, ಬರ್ದಿದ್ರೆ ಅದೂ ರೆಕಾರ್ಡಾಯ್ತು. ಮತ್ತೆ ಮಗುವಿನ ಕಿವೀಲಿ ಅಪ್ಪನ ಬಗ್ಗೆ ಏನೂ ತುಂಬಬೇಡಿ, ಇದನ್ನ ಕೈಮುಗಿದು ಕೇಳ್ಕೋತೀನಿ. ಸ್ವಲ್ಪ ದೊಡ್ಡ ಮಕ್ಕಳನ್ನ ಜಡ್ಜ್ ಚೇಂಬರಿಗೆ ಕರೆಸಿ, ಅಪ್ಪ ಅಮ್ಮ ಲಾಯರು ಎಲ್ಲರನ್ನೂ ಹೊರಗೆ ನಿಲ್ಲಿಸಿ ಮಾತಾಡಿಸ್ತಾರೆ, ಶುರು ಮಾಡೋದೇ ಫ್ರೆಂಡ್ಸ್ ಯಾರು, ತಿಂಡಿ ಏನಾಯ್ತು ಅಂತ. ಬಾಯಿಪಾಠ ಮಾಡ್ಕೊಂಡು ಬಂದ ಮಗು 'ಅಪ್ಪ ಕ್ರೂರವಾಗಿ ವರ್ತಿಸ್ತಾರೆ' ಅಂತ ದೊಡ್ಡವರ ಮಾತು ಆಡಿದ್ರೆ ಎದುರಿಗೆ ಕೂತವರಿಗೆ ಎರಡು ನಿಮಿಷದಲ್ಲಿ ಗೊತ್ತಾಗತ್ತೆ, ಆ ಮಗು ಪಡೋ ಹಿಂಸೆ ಬೇರೆ.

ಇಬ್ಬರೂ ಒಪ್ಪಿ ಬಿಡುಗಡೆ ಆಗೋ ಮ್ಯೂಚುಯಲ್ ಡೈವೋರ್ಸ್, ಅಂದ್ರೆ ಹಿಂದೂ ಮ್ಯಾರೇಜ್ ಆಕ್ಟ್‌ನ ಸೆಕ್ಷನ್ 13ಬಿ, ಅದರ ಮಾತು ಬಂದಾಗ ಒಂದು ಎಚ್ಚರ. ಒಂದು ವರ್ಷ ಬೇರೆ ಇರಬೇಕು ಅನ್ನೋದು ನಿಮಗೆ ಆಗಿದೆ, ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆನೂ 2017ರ ಅಮರ್‌ದೀಪ್ ಸಿಂಗ್ ತೀರ್ಪಿನ ನಂತರ ಕೆಲವು ಸಂದರ್ಭದಲ್ಲಿ ಕೋರ್ಟ್ ಮನ್ನಾ ಮಾಡಬಹುದು. ಬೇಗ ಮುಗಿಯತ್ತೆ ಅನ್ನೋ ಆಸೇಲಿ 'ಮಗು ಬಿಟ್ಕೊಡು, ಸಹಿ ಹಾಕ್ತೀನಿ' ಅನ್ನೋ ಚೌಕಾಸಿಗೆ ಒಪ್ಪಬೇಡಿ. ಕೊನೇ ಡಿಕ್ರಿ, ಅಂದ್ರೆ ಡೈವೋರ್ಸ್ ಕೊಡೋ ಆದೇಶ, ಆಗೋ ತನಕ ಕನ್ಸೆಂಟ್ ವಾಪಸ್ ತಗೊಳೋ ಹಕ್ಕು ಇರತ್ತೆ. ಒಪ್ಪಂದ ಬರೆಯೋದಾದ್ರೆ 'ಭೇಟಿಗೆ ಅವಕಾಶ ಇರುತ್ತೆ' ಅಂತ ಒಂದು ಸಾಲಲ್ಲಿ ಮುಗಿಸದೆ ಯಾವ ವಾರ, ಎಷ್ಟೊತ್ತಿಗೆ, ಎಲ್ಲಿ, ಬೇಸಿಗೆ ರಜೆ ಹೆಂಗೆ ಹಂಚಿಕೆ, ದಸರಾ ದೀಪಾವಳಿ ಯಾರ ಮನೇಲಿ, ಸ್ಕೂಲ್ ಫೀಸ್ ಯಾರು, ಪಾಸ್‌ಪೋರ್ಟ್ ಯಾರ ಹತ್ರ ಅಂತ ಬಿಡಿಸಿ ಬರೆಸಿ. ಜಗಳ ಮತ್ತೆ ಹುಟ್ಟೋದು ಇಲ್ಲೇ. ಕರ್ನಾಟಕ ಹೈಕೋರ್ಟೇ 2013ರಲ್ಲಿ ಒಂದು ಕೇಸಲ್ಲಿ ಜನವರಿಯಿಂದ ಜೂನ್ ಅಪ್ಪನ ಹತ್ರ, ಜುಲೈಯಿಂದ ಡಿಸೆಂಬರ್ ಅಮ್ಮನ ಹತ್ರ ಅಂತ ಆರ್ಡರ್ ಮಾಡಿತ್ತು, ಎಲ್ಲಾ ಮಕ್ಕಳಿಗೂ ಇದು ಹೊಂದಲ್ಲ ಅಂತ ನನ್ನ ಅನಿಸಿಕೆ, ಆದ್ರೆ ಇಬ್ಬರ ಮನೆಯೂ ಒಂದೇ ಸ್ಕೂಲಿಗೆ ಹತ್ರ ಇದ್ರೆ ಯೋಚನೆ ಮಾಡಬಹುದು. ಯಾವ ಕಸ್ಟಡಿ ಆರ್ಡರ್ರೂ ಶಾಶ್ವತ ಅಲ್ಲ, ಪರಿಸ್ಥಿತಿ ಬದಲಾದ್ರೆ ಬದಲಾಯಿಸಿ ಅಂತ ಕೇಳಬಹುದು.

ನಾನು ಹೇಳಿದ 1956ರ ಆಕ್ಟ್ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ಮುಸ್ಲಿಂ, ಕ್ರಿಶ್ಚಿಯನ್ ಕುಟುಂಬಗಳಿಗೆ ಅವರವರ ಪರ್ಸನಲ್ ಲಾ ಇದೆ, ಆದ್ರೂ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್ ಎಲ್ಲರಿಗೂ ಇದೆ, ಮಗುವಿನ ಹಿತದ ಪ್ರಶ್ನೆ ಅಲ್ಲೂ ಬಂದೇ ಬರತ್ತೆ. ಅಮೆರಿಕದಿಂದಲೋ ಬೇರೆ ದೇಶದಿಂದಲೋ ಮಗು ಕರ್ಕೊಂಡು ಊರಿಗೆ ಬಂದಿರೋ ನಮ್ಮೋರ ಕಥೆ ಬೇರೇನೇ, ಅಲ್ಲಿನ ಕೋರ್ಟ್ ಆರ್ಡರ್ ಇಲ್ಲಿ ಎಷ್ಟು ನಡೆಯತ್ತೆ ಅಂತ ಅದನ್ನ ಇನ್ನೊಂದು ಸಲ ಬರೀತೀನಿ.

ಲಾಯರ್ ಫೀಸಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. 1987ರ ಲೀಗಲ್ ಸರ್ವೀಸಸ್ ಅಥಾರಿಟೀಸ್ ಆಕ್ಟ್ ಪ್ರಕಾರ ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ. ನಿಮ್ಮ ಜಿಲ್ಲಾ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಇರತ್ತೆ, ಬೆಂಗಳೂರಲ್ಲಾದ್ರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಹೋಗಿ, ಫ್ಯಾಮಿಲಿ ಕೋರ್ಟೂ ಅಲ್ಲೇ ಮೀಡಿಯೇಷನ್ ಸೆಂಟರೂ ಅಲ್ಲೇ. ಹೋಗೋಕೆ ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು. ಆಧಾರ್, ಮದುವೆ ಫೋಟೋ ಅಥವಾ ರಿಜಿಸ್ಟ್ರೇಷನ್ ಸರ್ಟಿಫಿಕೇಟ್, ಮಗನ ಬರ್ತ್ ಸರ್ಟಿಫಿಕೇಟು, ಆಮೇಲೆ 'ಬಂದು ಕರ್ಕೊಂಡು ಹೋಗ್ತೀವಿ' ಅಂತ ಅವರು ಮೆಸೇಜ್ ಹಾಕಿದ್ರೆ ಅದರ ಪ್ರಿಂಟ್ ಇಷ್ಟು ಹಿಡ್ಕೊಂಡು ಈ ವಾರಾನೇ ಹೋಗಿ ಬನ್ನಿ, ಮೊಬೈಲ್‌ನಲ್ಲಿರೋ ಆ ಮೆಸೇಜ್‌ನ ಮಾತ್ರ ಡಿಲೀಟ್ ಮಾಡ್ಬೇಡಿ.